ಕಣದ ಚಿತ್ರದಲ್ಲಿ ಮೊದಲು ಏನನ್ನು ನೋಡಬೇಕು?

ಬೇಸಾಯದ ಕೆಲಸವನ್ನು ತೋರಿಸುವ ಛಾಯಾಚಿತ್ರಗಳ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲನೆಯ ಪ್ರಶ್ನೆಗೆ ಉತ್ತರ ದೀರ್ಘವಾಗಿದೆ, ಏಕೆಂದರೆ ಉಳಿದ ಪ್ರಶ್ನೆಗಳಿಗೂ ಬೇಕಾದ ವಿಧಾನ ಅಲ್ಲಿಯೇ ಬರುತ್ತದೆ.

ಪ್ರಶ್ನೆ: ಮನೆಯ ಹಳೆಯ ಟ್ರಂಕಿನಲ್ಲಿ ಚೌಕಾಕಾರದ ಒಂದು ಸಣ್ಣ ಕಪ್ಪು-ಬಿಳುಪು ಚಿತ್ರ ಸಿಕ್ಕಿದೆ. ರಾಗಿ ಕಣದಲ್ಲಿ ಜೋಡೆತ್ತುಗಳು ತೆನೆ ಒಕ್ಕುವ ಉರುಳುಗಲ್ಲಾದ ರೋಣಗಲ್ಲು ಎಳೆಯುತ್ತಿವೆ. ಅವುಗಳ ಹಿಂದೆ ಬುಟ್ಟಿ ಹಿಡಿದ ಒಬ್ಬ ಹುಡುಗನಿದ್ದಾನೆ. ಬಲಗಡೆ ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು, ಕಾಲಿಗೆ ಚಪ್ಪಲಿ ಹಾಕಿ ನಿಂತವರೊಬ್ಬರಿದ್ದಾರೆ. ಎಡ ಅಂಚಿನಲ್ಲಿ ಮೊರ ಹಿಡಿದ ಹೆಂಗಸೊಬ್ಬರು ಅರ್ಧ ಮಾತ್ರ ಕಾಣುತ್ತಾರೆ. ಉಳಿದವರೆಲ್ಲ ಬರಿಗಾಲಿನಲ್ಲಿದ್ದಾರೆ. ನನ್ನ ಮಗಳು ಇದನ್ನು ಬಡತನದ ಚಿತ್ರ ಎನ್ನುತ್ತಾಳೆ. ನಮ್ಮ ದೊಡ್ಡಪ್ಪನವರು ಇದು ಸುಗ್ಗಿಯ ಸಂಭ್ರಮದ ಚಿತ್ರ ಎನ್ನುತ್ತಾರೆ. ಯಾರ ಮಾತನ್ನು ಒಪ್ಪಬೇಕು? — ಒಬ್ಬ ಓದುಗರು, ಮಧುಗಿರಿ

ಉತ್ತರ: ನಿಮ್ಮ ಮಗಳು ಮತ್ತು ದೊಡ್ಡಪ್ಪನವರು ಇಬ್ಬರೂ ಚಿತ್ರದ ಭಾವವನ್ನು ಹೇಳಿದ್ದಾರೆ, ಚಿತ್ರದಲ್ಲಿ ನಡೆಯುತ್ತಿರುವ ಕೆಲಸವನ್ನು ಇನ್ನೂ ಇಬ್ಬರೂ ಹೇಳಿಲ್ಲ. ದುಡಿಮೆಯ ಚಿತ್ರವನ್ನು ನೋಡುವಾಗ ನಮ್ಮ ಕಣ್ಣು ಮೊದಲು ಮುಖಗಳ ಕಡೆ ಹೋಗುತ್ತದೆ, ಮುಖದಿಂದ ದುಃಖವನ್ನೋ ಸಂತೋಷವನ್ನೋ ಎತ್ತಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಬದಲಾಗಿ ನೆಲ, ಕಾಲು, ಕೈ, ಕೈಯಲ್ಲಿರುವ ಸಾಮಾನು, ಆಮೇಲೆ ಮುಖ ಎಂಬ ಕ್ರಮದಲ್ಲಿ ನೋಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಕೆಲಸ ಯಾವ ಹಂತದಲ್ಲಿದೆ ಎಂಬುದು ಗೊತ್ತಾದ ಮೇಲೆ ಮುಖದ ಭಾವಕ್ಕೆ ಅರ್ಥ ಹಚ್ಚುವುದು ಎಷ್ಟೋ ಸುರಕ್ಷಿತವಾಗುತ್ತದೆ.

ಮೊದಲು ನೆಲ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಸಾಮಾನ್ಯವಾಗಿ ಕಾರ್ತಿಕ-ಮಾರ್ಗಶಿರದಲ್ಲಿ ಕೊಯ್ದು, ಹೊಲದಲ್ಲೇ ಒಣಗಿಸಿ, ಹೊರೆ ಕಟ್ಟಿ ತಂದು ಮೆದೆ ಒಟ್ಟುತ್ತಿದ್ದರು. ಒಕ್ಕಣೆ ನಡೆಯುತ್ತಿದ್ದುದು ಕೆಲವು ವಾರಗಳ ಅಥವಾ ತಿಂಗಳುಗಳ ನಂತರ, ಬಿಸಿಲು ಚೆನ್ನಾಗಿ ಕಾಯುವ ದಿನಗಳಲ್ಲಿ. ಅದಕ್ಕಾಗಿ ಕಣವನ್ನು ಕೆತ್ತಿ, ನೀರು ಹಾಕಿ, ತುಳಿದು, ಬಡಿದು, ಸಗಣಿ ಸಾರಿಸಿ ಗಟ್ಟಿ ಮಾಡುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಸಾರಿಸಿದ ನೆಲ ಎಲ್ಲಿಗೆ ಮುಗಿದು ಸಾಮಾನ್ಯ ಮಣ್ಣು ಎಲ್ಲಿಂದ ಆರಂಭವಾಗುತ್ತದೆ ಎಂಬ ಅಂಚು ನಿಮ್ಮ ಚಿತ್ರದಲ್ಲಿ ಕಾಣಿಸಬಹುದು. ಆ ಅಂಚು ಸಿಕ್ಕಿತೆಂದರೆ ಬರಿಗಾಲು ಮತ್ತು ಚಪ್ಪಲಿಯ ಪ್ರಶ್ನೆ ಅರ್ಧ ಬಗೆಹರಿದಂತೆ. ಕಣದೊಳಗೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದೆಂಬುದು ನಮ್ಮ ರೈತರು ಶ್ರದ್ಧೆಯಿಂದ ಪಾಲಿಸುತ್ತಿದ್ದ ನಿಯಮ, ಅನ್ನ ಬೀಳುವ ಜಾಗವನ್ನು ಅವರು ದೇವರ ಮನೆಯ ಹಾಗೆ ಕಾಣುತ್ತಿದ್ದರು. ಆದ್ದರಿಂದ ಈ ಚಿತ್ರದಲ್ಲಿನ ಬರಿಗಾಲು ಬಡತನವನ್ನು ಸಾಬೀತು ಮಾಡುವುದಿಲ್ಲ. ಬಡತನ ಇರಲಿಲ್ಲವೆಂದೂ ಹೇಳುವುದಿಲ್ಲ. ಬಿಳಿ ಅಂಗಿಯವರು ಅಂಚಿನ ಹೊರಗೆ ನಿಂತಿದ್ದರೆ ಅವರ ಕಾಲಿನ ಚಪ್ಪಲಿ ಸಹಜ. ಚಪ್ಪಲಿಯೊಂದಿಗೇ ಕಣದೊಳಗೆ ನಿಂತಿದ್ದರೆ ಅದು ಗಮನಿಸಲೇಬೇಕಾದ ಸಂಗತಿ, ಏಕೆಂದರೆ ಆ ಕಣದ ನಿಯಮಕ್ಕೆ ತಾವು ಒಳಪಟ್ಟವರಲ್ಲ ಎಂದು ಭಾವಿಸಿದವರು, ಅಥವಾ ಆ ನಿಯಮವೇ ಗೊತ್ತಿಲ್ಲದ ಪೇಟೆಯ ನೆಂಟರು ಮಾತ್ರ ಹಾಗೆ ನಿಲ್ಲುವ ಸಂಭವ ಹೆಚ್ಚು.

ಇನ್ನು ಕೆಲಸದ ಹಂತ. ರೋಣಗಲ್ಲಿನ ಕೆಳಗೆ ಹರಡಿದ ರಾಗಿ ತೆನೆಯ ಹುಲ್ಲು ಮೊಣಕಾಲೆತ್ತರಕ್ಕೆ ಉಬ್ಬಿಕೊಂಡಿದೆಯೇ, ಇಲ್ಲವೇ ಚಪ್ಪಟೆಯಾಗಿ ಹೊಳೆಯುತ್ತಿದೆಯೇ ನೋಡಿ. ಉಬ್ಬಿಕೊಂಡಿದ್ದರೆ ಆ ದಿನದ ಒಕ್ಕಣೆ ಈಗಷ್ಟೇ ಶುರುವಾಗಿದೆ. ಚಪ್ಪಟೆಯಾಗಿದ್ದರೆ ಹುಲ್ಲನ್ನು ಮಗುಚಿ ಹಾಕಿ ಮತ್ತೆ ಕಲ್ಲು ಹೊಡೆಯುತ್ತಿದ್ದಾರೆ. ಹಿನ್ನೆಲೆಯಲ್ಲಿ ಮೆದೆ ಇದ್ದು, ಅದರ ಒಂದು ಬದಿಯನ್ನು ಕಿತ್ತಿದ್ದರೆ ಇನ್ನೂ ಎಷ್ಟು ದಿನಗಳ ಕೆಲಸ ಬಾಕಿಯಿದೆ ಎಂಬ ಅಂದಾಜು ಸಿಗುತ್ತದೆ. ಬುಟ್ಟಿ ಹಿಡಿದ ಹುಡುಗ ಆಟಕ್ಕೆ ಬಂದು ನಿಂತವನಲ್ಲ. ಎತ್ತು ಸಗಣಿ ಹಾಕುವ ಸೂಚನೆ ಕಂಡೊಡನೆ ಅದು ರಾಗಿಯ ಮೇಲೆ ಬೀಳದಂತೆ ಹಿಡಿಯುವುದು ಅವನ ಕೆಲಸ, ಇಡೀ ದಿನ ಎತ್ತಿನ ಹಿಂದೆ ಸುತ್ತುವ ಈ ಕೆಲಸ ಹೆಚ್ಚಾಗಿ ಮಕ್ಕಳ ಪಾಲಿಗೆ ಬರುತ್ತಿತ್ತು. ಅವನ ಕಣ್ಣು ಕ್ಯಾಮೆರಾದ ಕಡೆ ಇದೆಯೋ ಎತ್ತಿನ ಕಡೆ ಇದೆಯೋ ನೋಡಿ. ಎತ್ತಿನ ಕಡೆಗೇ ಇದ್ದರೆ ಚಿತ್ರ ತೆಗೆಯುವಾಗ ಕೆಲಸ ನಿಂತಿರಲಿಲ್ಲ ಎನ್ನಲು ಅದೇ ಒಳ್ಳೆಯ ಆಧಾರ.

ಇದಕ್ಕೆ ಇನ್ನೊಂದು ಆಧಾರ ಚಿತ್ರದ ಮಸುಕಿನಲ್ಲಿದೆ. ಚೌಕಾಕಾರದ ಸಣ್ಣ ಪ್ರತಿ ಎಂದಿದ್ದೀರಿ. 120 ಅಳತೆಯ ಫಿಲಂ ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳನ್ನು ತೆಗೆಯುವ, ಅಗ್ಫಾ ಕ್ಲಿಕ್ 3ರಂಥ ಸರಳ ಕ್ಯಾಮೆರಾಗಳು ನಮ್ಮಲ್ಲಿ ಮಧ್ಯಮ ವರ್ಗದ ಮನೆಗಳಿಗೂ ಬಂದಿದ್ದವು. ಅವುಗಳ ಷಟರ್ ನಿಧಾನವಾದುದರಿಂದ ಚಲಿಸುವ ವಸ್ತು ಮಸುಕಾಗುತ್ತಿತ್ತು. ಎತ್ತುಗಳ ಕಾಲು ಮಸುಕಾಗಿದ್ದು ಕೊಡೆ ಹಿಡಿದವರ ಅಂಗಿಯ ಗುಂಡಿಗಳು ಸ್ಪಷ್ಟವಾಗಿದ್ದರೆ, ಒಂದೇ ಚೌಕಟ್ಟಿನಲ್ಲಿ ದುಡಿಯುತ್ತಿದ್ದವರು ಯಾರು, ಚಿತ್ರಕ್ಕಾಗಿ ನಿಂತವರು ಯಾರು ಎಂಬುದನ್ನು ಕ್ಯಾಮೆರಾವೇ ಬೇರ್ಪಡಿಸಿ ತೋರಿಸಿದೆ.

ಈಗ ಮೊರ ಹಿಡಿದ ಹೆಂಗಸಿನ ವಿಷಯಕ್ಕೆ ಬರುತ್ತೇನೆ, ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಮುಖ್ಯವೆನಿಸಿದ್ದು ಅವರೇ. ಕಲ್ಲು ಹೊಡೆಯುವ ಹೊತ್ತಿನಲ್ಲಿ ಅದೇ ಹುಲ್ಲಿನ ರಾಗಿಯನ್ನು ತೂರುವುದು ಸಾಧ್ಯವಿಲ್ಲ. ಕಾಳು ಇನ್ನೂ ಹುಲ್ಲಿನಡಿಯಲ್ಲಿ ಇರುತ್ತದೆ. ಹಾಗಾದರೆ ಅವರ ಕೈಗೆ ಮೊರ ಏಕೆ ಬಂತು? ಹಿಂದಿನ ದಿನ ಒಕ್ಕಿದ ರಾಗಿಯನ್ನು ಕಣದ ಇನ್ನೊಂದು ಬದಿಯಲ್ಲಿ ತೂರಿ ಹಸನು ಮಾಡುವ ಕೆಲಸ ನಡೆದಿರಬಹುದು. ಅಥವಾ ಚಿತ್ರಕ್ಕೆ ಒಪ್ಪಲಿ ಎಂದು ಯಾರಾದರೂ ಅವರ ಕೈಗೆ ಕೊಟ್ಟಿರಬಹುದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆಯೇ, ತಲೆಗೆ ಬಟ್ಟೆ ಸುತ್ತಿದ್ದಾರೆಯೇ, ತೋಳಿನ ಮೇಲೆ ದೂಳು ಹೊಟ್ಟು ಕೂತು ಚರ್ಮ ಮಂಕಾಗಿ ಕಾಣುತ್ತದೆಯೇ ಎಂದು ನೋಡಿದರೆ ಮೊದಲನೆಯ ಊಹೆ ಗಟ್ಟಿಯಾಗಬಹುದು. ಅವರು ಅರ್ಧಕ್ಕೆ ಕತ್ತರಿಸಿ ಹೋಗಿರುವುದನ್ನು ಕಂಡು ಛಾಯಾಗ್ರಾಹಕರಿಗೆ ಹೆಂಗಸರ ದುಡಿಮೆಯ ಬಗ್ಗೆ ತಾತ್ಸಾರವಿತ್ತೆಂದು ತಟ್ಟನೆ ತೀರ್ಮಾನಿಸಬೇಡಿ, ಏಕೆಂದರೆ ಆ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ತೋರಿಸಿದ್ದೂ ಫಿಲಂ ಮೇಲೆ ಬಿದ್ದದ್ದೂ ಸರಿಯಾಗಿ ಒಂದೇ ಆಗಿರುತ್ತಿರಲಿಲ್ಲ. ಅದೇ ಸುರುಳಿಯ ಬೇರೆ ಚಿತ್ರಗಳು ಟ್ರಂಕಿನಲ್ಲಿದ್ದರೆ ಜೋಡಿಸಿ ನೋಡಿ. ಎಲ್ಲದರಲ್ಲೂ ಹೆಂಗಸರು ಅಂಚಿನಲ್ಲೇ ಇದ್ದರೆ ಅದು ಆಕಸ್ಮಿಕವಲ್ಲ.

ಕೊಡೆಯವರು ಯಾರು ಎಂಬುದನ್ನು ಚಿತ್ರ ಒಂದೇ ಹೇಳಲಾರದು. 1974ರ ಭೂಸುಧಾರಣೆಗೆ ಮೊದಲು ಗೇಣಿ ಅಥವಾ ವಾರದ (ಬೆಳೆಯಲ್ಲಿ ಭೂಮಾಲೀಕರಿಗೆ ಸಲ್ಲುವ ಭಾಗದ) ಪಾಲು ನಿರ್ಧಾರವಾಗುತ್ತಿದ್ದ ಜಾಗಗಳಲ್ಲಿ ಕಣವೂ ಒಂದು, ಭೂಮಾಲೀಕರೋ ಅವರ ಕಡೆಯವರೋ ರಾಶಿ ಅಳೆಯುವ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರೂ ತಮ್ಮ ವರ್ಷದ ಆಯಕ್ಕಾಗಿ, ಅಂದರೆ ಊರಿಗೆ ಮಾಡಿದ ಕೆಲಸಕ್ಕೆ ಸಿಗುವ ಧಾನ್ಯದ ಪಾಲಿಗಾಗಿ, ಕಣಕ್ಕೇ ಬರುತ್ತಿದ್ದರು. ನಿಮ್ಮ ಚಿತ್ರದಲ್ಲಿ ಇನ್ನೂ ರಾಶಿಯಾಗಿಲ್ಲ, ಕಾಳು ಅಳೆಯುವ ಕೊಳಗ ಕಾಣುತ್ತಿಲ್ಲ, ಆದ್ದರಿಂದ ಪಾಲಿನ ಹೊತ್ತು ಇದಲ್ಲ. ಮನೆಯ ಯಜಮಾನರು ಕ್ಯಾಮೆರಾ ಬಂದಿದೆಯೆಂದು ಒಳ್ಳೆಯ ಅಂಗಿ ತೊಟ್ಟು ಬಂದಿರುವ ಸಾಧ್ಯತೆಯೂ ಇದೆ. ಇದನ್ನು ದೊಡ್ಡಪ್ಪನವರನ್ನೇ ಕೇಳಬೇಕು, ಕೇಳುವಾಗ "ಇದು ಸಂಭ್ರಮದ ಚಿತ್ರವೇ?" ಎಂದು ಕೇಳದೆ, "ಆ ವರ್ಷ ಹೊಲ ಯಾರದಾಗಿತ್ತು, ಎತ್ತು ಯಾರದು, ಕೊಡೆ ಹಿಡಿದವರು ಯಾರು?" ಎಂದು ಕೇಳಿ. ಆ ಉತ್ತರಗಳು ಸಿಕ್ಕ ಮೇಲೆ ನಿಮ್ಮ ಮಗಳ ಪ್ರಶ್ನೆಗೂ ಅವರೇ ಉತ್ತರ ಕೊಡಬಲ್ಲರು.

ಪ್ರಶ್ನೆ: ನಮ್ಮಲ್ಲಿರುವ ಒಂದು ಚಿತ್ರದ ಹಿಂಬದಿಯಲ್ಲಿ "ಸಂಕ್ರಾಂತಿ ಮಾರನೆ ದಿನ" ಎಂದು ಬರೆದಿದೆ, ಇಸವಿ ಇಲ್ಲ. ಅದು ನಿಜವಾಗಿ ಆ ಕಾಲದ್ದೇ ಎಂದು ನೆರಳಿನಿಂದ ಪರೀಕ್ಷಿಸಬಹುದೇ? — ಮದ್ದೂರಿನ ಓದುಗರು

ಉತ್ತರ: ಇಸವಿ ಸಿಗುವುದಿಲ್ಲ, ಆದರೆ ಬರಹವನ್ನು ಪರೀಕ್ಷಿಸಬಹುದು. ದಕ್ಷಿಣ ಕರ್ನಾಟಕದಲ್ಲಿ ಜನವರಿ ಮಧ್ಯದಲ್ಲಿ ನಡುಹಗಲಿನ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿಕೊಂಡು ಸುಮಾರು 55 ಡಿಗ್ರಿ ಎತ್ತರದಲ್ಲಿರುತ್ತಾನೆ. ಗಡಿಯಾರದ ಹನ್ನೆರಡೂವರೆಯ ಆಸುಪಾಸಿನಲ್ಲಿ, ಅಂದರೆ ದಿನದ ಅತಿ ಚಿಕ್ಕ ನೆರಳಿನ ಹೊತ್ತಿನಲ್ಲಿ, ನೆಟ್ಟಗೆ ನಿಂತವರ ನೆರಳು ಅವರ ಎತ್ತರದ ಮೂರನೇ ಎರಡು ಭಾಗದಷ್ಟು ಇರುತ್ತದೆ ಮತ್ತು ಉತ್ತರಕ್ಕೆ ಬೀಳುತ್ತದೆ. ಬೆಳಗಿನ ಹತ್ತೂವರೆ ಮತ್ತು ಮಧ್ಯಾಹ್ನದ ಎರಡೂವರೆಯ ಸುಮಾರಿಗೆ ನೆರಳೂ ಎತ್ತರವೂ ಸಮವಾಗುತ್ತವೆ. ಆದ್ದರಿಂದ ನಿಮ್ಮ ಚಿತ್ರದಲ್ಲಿ ನಿಂತವರ ನೆರಳು ಅವರ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಅದು ಸಂಕ್ರಾಂತಿಯ ಮಾರನೆಯ ದಿನ ತೆಗೆದದ್ದಾಗಿರಲು ಸಾಧ್ಯವಿಲ್ಲ. ಬೆಂಗಳೂರಿನ ಸುತ್ತ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನಡುಹಗಲಿನ ನೆರಳು ಕಾಲಡಿಗೇ ಸೇರುತ್ತದೆ. ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಮ್ಮೆ ಹಾಗಾಗುತ್ತದೆ.

ಅಳೆಯುವಾಗ ಎಚ್ಚರಿಕೆ ಬೇಕು. ಬಾಗಿ ಕೆಲಸ ಮಾಡುತ್ತಿರುವವರ ನೆರಳು ಲೆಕ್ಕಕ್ಕೆ ಬರುವುದಿಲ್ಲ. ನೆಟ್ಟಗಿರುವ ಕಂಬವೋ ನಿಂತ ಮನುಷ್ಯನೋ ಬೇಕು, ನೆಲ ಸಮತಟ್ಟಾಗಿರಬೇಕು. ಕ್ಯಾಮೆರಾದ ಕಡೆಗೆ ಅಥವಾ ಅದರಿಂದ ದೂರಕ್ಕೆ ಬಿದ್ದ ನೆರಳು ಚಿತ್ರದಲ್ಲಿ ಕುಗ್ಗಿ ಕಾಣುತ್ತದೆ, ಪಕ್ಕಕ್ಕೆ ಬಿದ್ದ ನೆರಳನ್ನೇ ಅಳೆಯಿರಿ. ಚಿತ್ರದಲ್ಲಿ ತೂರುವ ದೃಶ್ಯವಿದ್ದರೆ ಇನ್ನೊಂದು ಪುರಾವೆ ಸಿಗಬಹುದು. ಆ ದಿನಗಳಲ್ಲಿ ನಮ್ಮ ಬಯಲು ಸೀಮೆಯಲ್ಲಿ ಬೀಸುವುದು ಹೆಚ್ಚಾಗಿ ಮೂಡಣ ಗಾಳಿ, ಹೊಟ್ಟು ಪಡುವಣಕ್ಕೆ ಹಾರುತ್ತದೆ. ನೆರಳಿನಿಂದ ದಿಕ್ಕನ್ನು ಗುರುತಿಸಿ ಹೊಟ್ಟು ಹಾರಿದ ದಿಕ್ಕಿನೊಂದಿಗೆ ಹೋಲಿಸಿ. ಚಿತ್ರದ ಕೆಳಗಡೆ ತಲೆ ಮತ್ತು ಹೆಗಲಿನ ಆಕಾರದ ನೆರಳೊಂದು ಇದ್ದರೆ ಅದು ಛಾಯಾಗ್ರಾಹಕರದ್ದು. ಸೂರ್ಯನಿಗೆ ಬೆನ್ನು ಮಾಡಿ ಚಿತ್ರ ತೆಗೆಯಬೇಕೆಂದು ಆಗ ಎಲ್ಲರಿಗೂ ಹೇಳಿಕೊಡುತ್ತಿದ್ದರು, ಎದುರಿನವರು ಹುಬ್ಬು ಗಂಟಿಕ್ಕಿರುವುದಕ್ಕೂ ಬಹಳ ಸಲ ಆ ಬಿಸಿಲೇ ಕಾರಣ, ಸಿಟ್ಟಲ್ಲ.

ಪ್ರಶ್ನೆ: ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಭತ್ತದ ನಾಟಿಯ ಬಣ್ಣದ ಚಿತ್ರಗಳು ಬರುತ್ತವೆ. ಬಾಗಿದ ಬೆನ್ನುಗಳ ಸಾಲು, ಕೆಸರಿನಲ್ಲಿ ಆಕಾಶದ ಬಿಂಬ, ಎಲ್ಲವೂ ಬಹಳ ಸುಂದರ. ಸೊಂಟ ಮುರಿಯುವ ಕೆಲಸದಲ್ಲಿ ಸೌಂದರ್ಯ ಕಾಣುವುದು ಸರಿಯೇ ಎಂಬ ಅಳುಕು ನನ್ನದು. — ತೀರ್ಥಹಳ್ಳಿಯ ಓದುಗರು

ಉತ್ತರ: ಸೌಂದರ್ಯ ಕಾಣುವುದರಲ್ಲಿ ತಪ್ಪಿಲ್ಲ, ನಾಟಿ ಮಾಡುವವರೇ ತಾವು ನೆಟ್ಟ ಗದ್ದೆಯನ್ನು ತಿರುಗಿ ನೋಡಿ ಮೆಚ್ಚುತ್ತಾರೆ. ಸೌಂದರ್ಯ ಯಾವುದರಿಂದ ಬಂದಿದೆ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ನಾಟಿ ಮಾಡುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ನೆಡುತ್ತಾರೆ. ನೆಟ್ಟ ಸಸಿಗಳು ಅವರ ಮುಂದಿರುತ್ತವೆ, ಖಾಲಿ ಕೆಸರು ಅವರ ಬೆನ್ನ ಹಿಂದೆ ಇರುತ್ತದೆ. ಇದು ಗೊತ್ತಿಲ್ಲದವರು ಆ ಸಾಲು ಮುಂದಕ್ಕೆ ನಡೆದು ಬರುತ್ತಿದೆಯೆಂದು ಭಾವಿಸಿ ಚಿತ್ರದ ಚಲನೆಯನ್ನೇ ತಲೆಕೆಳಗಾಗಿ ಓದುತ್ತಾರೆ. ಬೆನ್ನ ಹಿಂದಿನ ಕೆಸರು ಎಷ್ಟು ಅಗಲ ಉಳಿದಿದೆ ಎಂಬುದು ಆ ದಿನ ಇನ್ನೆಷ್ಟು ಹೊತ್ತು ಬಾಗಿರಬೇಕು ಎಂಬುದರ ಅಳತೆ. ಕೆಸರಿನಲ್ಲಿ ಅಲ್ಲಲ್ಲಿ ಬಿದ್ದಿರುವ ಸಸಿಯ ಕಟ್ಟುಗಳನ್ನು ಯಾರು ಎಸೆದಿದ್ದಾರೆ, ಅವರು ಚೌಕಟ್ಟಿನೊಳಗೆ ಇದ್ದಾರೆಯೇ? ನೆಡುವ ಸಾಲಿನಲ್ಲಿ ಹೆಂಗಸರು, ಉಳುಮೆಯಲ್ಲಿ, ಅಂಚು ಕಡಿಯುವುದರಲ್ಲಿ ಗಂಡಸರು ಎಂಬ ಹಂಚಿಕೆ ನಿಮ್ಮ ಸೀಮೆಯಲ್ಲಿ ಬಹುಕಾಲ ಇತ್ತು. ಚಿತ್ರದಲ್ಲಿ ಒಂದು ಗುಂಪು ಮಾತ್ರ ಇದ್ದರೆ ಇನ್ನೊಂದು ಆ ಹೊತ್ತಿಗೆ ಎಲ್ಲಿತ್ತು ಎಂದು ಕೇಳಿಕೊಳ್ಳಿ. ಸಸಿಗಳು ಹಗ್ಗ ಹಿಡಿದಂತೆ ನೇರ ಸಾಲಿನಲ್ಲಿದ್ದರೆ ಅದು 1950ರ ದಶಕದಲ್ಲಿ ಜಪಾನಿ ಪದ್ಧತಿಯ ಬೇಸಾಯವನ್ನು ಸರ್ಕಾರ ಪ್ರಚಾರ ಮಾಡಿದ ನಂತರ ಹರಡಿದ ಸಾಲು ನಾಟಿಯಾಗಿರಬಹುದು.

ಹಳೆಯ ಮಲೆನಾಡಿನ ಚಿತ್ರಗಳಲ್ಲಿ ಹೆಂಗಸರ ಬೆನ್ನ ಮೇಲೆ ಮಳೆ ತಡೆಯುವ ಗೊರಬು ಕಾಣುತ್ತದೆ. ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುವ ಅದರ ಆಕಾರವೇ ಬಾಗಿದ ಭಂಗಿಗೆ ತಕ್ಕಂತೆ ರೂಪಗೊಂಡದ್ದು, ಎರಡು ಕೈಗಳನ್ನೂ ಕೆಲಸಕ್ಕೆ ಬಿಟ್ಟುಕೊಡುತ್ತದೆ. ಗಂಡಸರ ಕಂಬಳಿಕೊಪ್ಪೆಯ ಆಕಾರ ಬೇರೆ. ಇಂದಿನ ಚಿತ್ರಗಳಲ್ಲಿ ಆ ಜಾಗಕ್ಕೆ ನೀಲಿ, ಹಳದಿ ಪ್ಲಾಸ್ಟಿಕ್ ಹಾಳೆಗಳು ಬಂದಿವೆ, ಬಣ್ಣ ಹೆಚ್ಚಿರುವುದಕ್ಕೆ ಮುಖ್ಯ ಕಾರಣ ಅವೇ. ಬಣ್ಣವನ್ನು ಹಬ್ಬದ ಗುರುತೆಂದು ಓದುವ ಮೊದಲು ಅವರು ಎಷ್ಟು ಮಳೆಯಲ್ಲಿ ನಿಂತಿದ್ದಾರೆ ಎಂಬುದನ್ನು ನೆನೆಯಬೇಕು.

ಕ್ಯಾಮೆರಾ ನಿಂತ ಜಾಗವೂ ಮಾತಾಡುತ್ತದೆ. ಬದುವಿನ ಮೇಲೆ ನಿಂತು ಕೆಳಗೆ ನೋಡಿದ ಚಿತ್ರದಲ್ಲಿ ಬೆನ್ನುಗಳು ವಿನ್ಯಾಸವಾಗುತ್ತವೆ, ಮುಖ ಒಂದೂ ಕಾಣುವುದಿಲ್ಲ. ಕೆಸರಿಗೆ ಇಳಿದು ಸಸಿಯ ಮಟ್ಟಕ್ಕೆ ಕ್ಯಾಮೆರಾ ತಂದ ಚಿತ್ರದಲ್ಲಿ ಕೈ ಬೆರಳುಗಳು, ಬಿಗಿದ ದವಡೆ, ಪಕ್ಕದವರೊಂದಿಗಿನ ಮಾತು ಕಾಣುತ್ತವೆ. ಎರಡೂ ನಿಜವಾದ ನೋಟಗಳೇ. ಆದರೆ ಪತ್ರಿಕೆಗಳು ವರ್ಷ ವರ್ಷವೂ ಮೊದಲನೆಯದನ್ನೇ ಆರಿಸಿದರೆ ದುಡಿಯುವವರ ಮುಖ ಓದುಗರ ನೆನಪಿನಿಂದಲೇ ಅಳಿದುಹೋಗುತ್ತದೆ. ನಿಮ್ಮ ಅಳುಕು ಇಲ್ಲಿಂದ ಹುಟ್ಟಿದ್ದಾದರೆ ಅದು ಸರಿಯಾದ ಅಳುಕು.

ಪ್ರಶ್ನೆ: ಛಾಯಾಗ್ರಹಣ ತರಗತಿಯಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಅವರ "ಮೈಗ್ರಂಟ್ ಮದರ್" ಚಿತ್ರವನ್ನು ಗ್ರಾಮೀಣ ದುಡಿಮೆಯ ಮಹಾನ್ ಚಿತ್ರವೆಂದು ತೋರಿಸಿದರು. ಆದರೆ ಅದರಲ್ಲಿ ಕೆಲಸವೇ ಕಾಣುವುದಿಲ್ಲ. ಅದನ್ನು ಹೇಗೆ ನೋಡಬೇಕು? — ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಗಮನ ಚುರುಕಾಗಿದೆ. 1936ರ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ, ಬಟಾಣಿ ಕೀಳಲು ಬಂದ ಕೂಲಿಕಾರರ ಬಿಡಾರದಲ್ಲಿ ಲ್ಯಾಂಗ್ ಈ ಚಿತ್ರ ತೆಗೆದರು. ಚಳಿಯಿಂದ ಬಟಾಣಿ ಬೆಳೆ ಹಾಳಾಗಿತ್ತು, ಕೀಳಲು ಕೆಲಸ ಇರಲಿಲ್ಲ. ಆದ್ದರಿಂದ ಚಿತ್ರದಲ್ಲಿ ಕೆಲಸ ಕಾಣದಿರುವುದು ಆ ದಿನದ ಸತ್ಯವೇ. ಆದರೆ ಹೊಲ, ಬುಟ್ಟಿ, ಬಿಡಾರ ಯಾವುದೂ ಇಲ್ಲದಂತೆ ಅದನ್ನು ತಾಯಿಯ ಮುಖಕ್ಕೆ ಇಳಿಸಿದ್ದು ಛಾಯಾಗ್ರಾಹಕಿಯ ಆಯ್ಕೆ. ಅದೇ ಭೇಟಿಯ ಬೇರೆ ಚಿತ್ರಗಳಲ್ಲಿ ಡೇರೆಯೂ ಸುತ್ತಲಿನ ಜಾಗವೂ ಕಾಣುತ್ತವೆ. ಪ್ರಸಿದ್ಧವಾದ ಈ ಚಿತ್ರದಲ್ಲಿ ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ್ದಾರೆ, ಮಡಿಲಲ್ಲಿ ಕೂಸು ಇದೆ, ಗಲ್ಲಕ್ಕೆ ತಾಗಿದ ಅವರ ಕೈ ಮಾತ್ರ ದುಡಿದ ಕೈ ಎಂದು ಗುರುತಾಗುತ್ತದೆ. ಕೆಳಗಿನ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದನ್ನು ಮುಂದೆ ನೆಗೆಟಿವ್‌ನಲ್ಲೇ ಮಸುಕುಗೊಳಿಸಲಾಯಿತು. ದೃಷ್ಟಿಯನ್ನು ಬೇರೆಡೆಗೆ ಸೆಳೆಯುವ ಒಂದು ಹೆಬ್ಬೆರಳನ್ನೂ ಸಹಿಸದಷ್ಟು ಕಟ್ಟುನಿಟ್ಟಾದ ಸಂಯೋಜನೆ ಅದು.

ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಸರ್ಕಾರದ ಆಹಾರ ಹೋಯಿತು, ಅಷ್ಟರಲ್ಲಿ ಆ ಕುಟುಂಬ ಅಲ್ಲಿಂದ ಹೊರಟಾಗಿತ್ತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ತಮ್ಮ ಹೆಸರನ್ನು ಲ್ಯಾಂಗ್ ಕೇಳಲಿಲ್ಲ ಎಂಬ ನೋವು ಅವರಿಗಿತ್ತು. ಊಟಕ್ಕಾಗಿ ಕಾರಿನ ಟೈರು ಮಾರಿದ್ದರೆಂಬ ಲ್ಯಾಂಗ್ ಅವರ ಟಿಪ್ಪಣಿಯನ್ನು ಕುಟುಂಬದವರು ನಿರಾಕರಿಸಿದರು. ಅವರು ಚೆರೋಕೀ ಮೂಲದವರು ಎಂಬುದನ್ನು ಚಿತ್ರವೂ ಹೇಳಲಿಲ್ಲ, ಅಡಿಬರಹವೂ ಹೇಳಲಿಲ್ಲ. ಚಿತ್ರದ ಶಕ್ತಿಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಅದು ನಿಜಕ್ಕೂ ದೊಡ್ಡ ಚಿತ್ರ. ಆದರೆ ತರಗತಿಯಲ್ಲಿ ಅದನ್ನು ತೋರಿಸುವಾಗ ಅದೇ ಭೇಟಿಯ ಉಳಿದ ಚಿತ್ರಗಳನ್ನೂ ಪಕ್ಕದಲ್ಲಿಡಬೇಕು, ಆಗ ಮಾತ್ರ ಏನನ್ನು ಹತ್ತಿರ ತಂದರು, ಏನನ್ನು ಹೊರಗಿಟ್ಟರು ಎಂಬುದು ವಿದ್ಯಾರ್ಥಿಗಳಿಗೆ ಕಣ್ಣಾರೆ ಕಾಣುತ್ತದೆ. ಅದೇ ವರ್ಷ, ಲ್ಯಾಂಗ್ ಅವರಂತೆಯೇ ಅಮೆರಿಕ ಸರ್ಕಾರದ ಛಾಯಾಚಿತ್ರ ಯೋಜನೆಗೆ ದುಡಿಯುತ್ತಿದ್ದ ಛಾಯಾಗ್ರಾಹಕ ಆರ್ಥರ್ ರಾಥ್‌ಸ್ಟೈನ್ ಅವರು ಬರಗಾಲದ ನೆಲದಲ್ಲಿ ಬಿದ್ದಿದ್ದ ಹೋರಿಯ ತಲೆಬುರುಡೆಯನ್ನು ಸ್ವಲ್ಪ ದೂರ ಸರಿಸಿ ಮತ್ತೆ ಚಿತ್ರ ತೆಗೆದರೆಂಬುದು ದೊಡ್ಡ ವಿವಾದವಾಯಿತು. ಬರ ನಿಜವಾಗಿತ್ತು, ಬುರುಡೆಯೂ ನಿಜವಾಗಿತ್ತು, ಜಾಗ ಮಾತ್ರ ಬದಲಾಗಿತ್ತು. ಅಷ್ಟು ಬದಲಾವಣೆಯೇ ಇಡೀ ಯೋಜನೆಯನ್ನು ಅನುಮಾನಿಸಲು ವಿರೋಧಿಗಳಿಗೆ ಸಾಕಾಯಿತು.

ಪ್ರಶ್ನೆ: ಊರಿನ ಶಾಲೆಯ ಶತಮಾನೋತ್ಸವಕ್ಕೆ ಹಳೆಯ ಬೇಸಾಯದ ಚಿತ್ರಗಳ ಪ್ರದರ್ಶನ ಮಾಡುತ್ತಿದ್ದೇವೆ. ಅಡಿಬರಹ ಹೇಗಿರಬೇಕು? — ಶಿಕ್ಷಕರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಕಣ್ಣಿಗೆ ಕಾಣುವುದನ್ನು ಬರೆಯಿರಿ: ಬೆಳೆ, ಕೆಲಸ, ಸಲಕರಣೆ, ಎಷ್ಟು ಜನ. ಸಲಕರಣೆಗೆ ನಿಮ್ಮ ಊರಿನ ಹೆಸರನ್ನೇ ಬಳಸಿ. ನಿಮ್ಮ ಕಡೆ ಮೇಟಿಗೆ (ಕಣದ ನಡುವಿನ ಕಂಬಕ್ಕೆ) ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದ, ಅಂದರೆ ತೆನೆಯ ಮೇಲೆ ಸುತ್ತು ತುಳಿಸುತ್ತಿದ್ದ, ಚಿತ್ರವಿದ್ದರೆ ಹಾಗೆಯೇ ಬರೆಯಿರಿ, ಬರೀ "ಒಕ್ಕಣೆ" ಎಂದು ಬರೆದರೆ ಆ ವಿಧಾನವೇ ಮರೆಯಾಗುತ್ತದೆ. ಊಹೆಯಿಂದ ಹೇಳುವ ಕಾಲ, ಸಂಬಂಧ ಇತ್ಯಾದಿಗಳಿಗೆ "ಇರಬಹುದು" ಎಂದು ಸೇರಿಸಿ, ಊಹೆಯ ಕಾರಣವನ್ನೂ ಒಂದು ಸಾಲಿನಲ್ಲಿ ಕೊಡಿ. ಹಿರಿಯರು ಹೇಳಿದ್ದನ್ನು ಅವರು ಹೇಳಿದ್ದೆಂದೇ ದಾಖಲಿಸಿ, ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ. "ಕಾಯಕವೇ ಕೈಲಾಸ" ಎಂಬಂಥ ಶೀರ್ಷಿಕೆ ಯಾವ ದುಡಿಮೆಯ ಚಿತ್ರಕ್ಕೂ ಒಪ್ಪುತ್ತದೆ, ಆದ್ದರಿಂದಲೇ ಯಾವ ಚಿತ್ರವನ್ನೂ ತಿಳಿಸುವುದಿಲ್ಲ. ಯಜಮಾನರ ಹೆಸರು ಮಾತ್ರ ಬರೆದು ಉಳಿದವರನ್ನು "ಆಳುಗಳು" ಎಂದು ಬಿಡಬೇಡಿ, ಅವರ ಮನೆಯವರು ಊರಿನಲ್ಲೇ ಇರಬಹುದು, ಪ್ರದರ್ಶನಕ್ಕೆ ಮೊದಲೇ ಅವರಿಗೆ ಚಿತ್ರ ತೋರಿಸಿ ಹೆಸರನ್ನೂ ಒಪ್ಪಿಗೆಯನ್ನೂ ಪಡೆಯಿರಿ.

ಮೂಲ ಪ್ರತಿಯನ್ನು ಗೋಡೆಗೆ ಅಂಟಿಸಬೇಡಿ. ಮುಂಬದಿ, ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡಿಸಿ ನಕಲು ಪ್ರತಿಯನ್ನೇ ಪ್ರದರ್ಶಿಸಿ. ಮೂಲದ ಹಿಂಬದಿಯಲ್ಲಿ ಏನಾದರೂ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ, ಶಾಯಿ ಕಾಲಾಂತರದಲ್ಲಿ ಪಕ್ಕದ ಚಿತ್ರಕ್ಕೂ ಹತ್ತುತ್ತದೆ.